ಬಿಸಿಲಿಗೆ ಚಾಚಿದ ಕೈ

"ಕೈ ಮುಚ್ಕೊಳೇ, ದರಿದ್ರದವಳೇ! ಗಿರಾಕಿಗಳು ನೋಡಿದ್ರೆ ವಾಂತಿ ಮಾಡ್ಕೋತಾರೆ."

ಬೇಕರಿ ಸಾಹುಕಾರ ಗಲ್ಲಾ ಬಿಟ್ಟೇಳದೆ ಕೂಗಿದ. ಅಕ್ಕನ ಬೆರಳುಗಳ ಮೇಲೆ ತೊನ್ನಿನ ಬಿಳಿ ಮಚ್ಚೆಗಳು ಆಗಷ್ಟೇ ಕಾಣಿಸಿಕೊಂಡಿದ್ದವು. ಮುಂದೆ ನಿಂತು ಬ್ರೆಡ್ಡು ಮಾರುತ್ತಿದ್ದವಳನ್ನು ಅವತ್ತೇ ಹಿಂದಿನ ಕೋಣೆಗೆ, ನಾನು ಬ್ರೆಡ್ಡು ಸುಡುವ ಭಟ್ಟಿಯ ಪಕ್ಕಕ್ಕೆ ಅಟ್ಟಿದ. ಕಿಟಕಿಯೇ ಇಲ್ಲದ ಕೋಣೆ. ಕೆಲಸ, ಹಿಟ್ಟು ನಾದುವುದು. ನೋಡಬಾರದ ಕೈ ನಾದಿದ್ದನ್ನು ತಿನ್ನಬಹುದು ಎಂಬ ಬುದ್ಧಿವಂತಿಕೆ ಸಾಹುಕಾರರಿಗೇ ಹೊಳೆಯಬೇಕು.

"ವಾಸಿ ಮಾಡ್ಕೊಂಡು ಮುಂದೆ ಬಾ. ಆಗ್ಲಿಲ್ವೋ, ಮನೆಗೆ ನಡಿ."

ಚರ್ಮದ ಡಾಕ್ಟರು ಇದು ಅಂಟುವ ರೋಗವಲ್ಲ ಎಂದು ಮುಲಾಮು ಕೊಟ್ಟರು. ಹಚ್ಚಿಕೊಂಡು ಬೆಳಗಿನ ಎಳೆಬಿಸಿಲಿಗೆ ಸ್ವಲ್ಪ ಹೊತ್ತು ಕೈಯೊಡ್ಡಬೇಕು, ಬಣ್ಣ ಮರಳುವುದು ನಿಧಾನ ಎಂದರು. ನಾವೋ ಕತ್ತಲಲ್ಲಿ ಒಳಗೆ ಹೋಗಿ ಕತ್ತಲಲ್ಲೇ ಹೊರಗೆ ಬರುವವರು.

"ಸಾಹುಕಾರ್ರೇ, ಬೆಳಿಗ್ಗೆ ಒಂಚೂರು ಹೊತ್ತು ಮೆಟ್ಲ ಮೇಲೆ ಕೂತ್ಕೋತೀನಿ," ಎಂದು ಅಕ್ಕ ಕೇಳಿದಳು.

"ಗಿರಾಕಿ ಬರೋ ಹೊತ್ತಲ್ವೇನೇ ಅದು? ಭಟ್ಟಿ ಮುಂದೆ ಹಿಡ್ಕೋ ಹೋಗು. ಬಿಸಿಲಾದ್ರೇನು, ಬೆಂಕಿಯಾದ್ರೇನು, ಶಾಖ ತಾನೇ?"

ನಮಗೂ ಹೌದೆನ್ನಿಸಿತು. ದಿನವಿಡೀ ಬೆಂಕಿಯೆದುರು ಬಿಳಿ ಹಿಟ್ಟು ಕಂದಾಗುವುದನ್ನೇ ನೋಡುವವರು ನಾವು. ಭಟ್ಟಿಯ ಬಾಗಿಲು ತೆಗೆದವಳು ನಾನೇ. ಅಕ್ಕನ ಬೆರಳ ತುಂಬ ಬೊಕ್ಕೆ ಎದ್ದವು.

"ಯಾವ ಬೃಹಸ್ಪತಿ ಹೇಳಿದ್ದಮ್ಮ ಇದನ್ನ? ಬೇಕಾಗಿರೋದು ಬಿಸಿಯಲ್ಲ, ಬೆಳಕು!" ಡಾಕ್ಟರು ತಲೆ ಚಚ್ಚಿಕೊಂಡರು. "ಇದು ಮಾಯೋವರೆಗೂ ಮುಲಾಮು ಮುಟ್ಬೇಡ."

ಬೃಹಸ್ಪತಿ ಬೊಕ್ಕೆ ನೋಡಿ ಅಂದದ್ದಿಷ್ಟೇ: "ಬಟ್ಟೆ ಸುತ್ಕೊಂಡು ನಾದು. ನಿಮ್ಮಪ್ಪ ಬಂದು ನಾದ್ತಾನಾ?"

ಬೊಕ್ಕೆ ಮಾಯ್ದ ಮೇಲೆ ಒಂದು ಬೆಳಿಗ್ಗೆ, ಅಂಗಡಿ ಮುಂದೆ ಗಿರಾಕಿಗಳು ಸಾಲುಗಟ್ಟಿದ್ದಾಗ, ಅಕ್ಕ ನಾದುತ್ತಿದ್ದ ಹಿಟ್ಟು ಬಿಟ್ಟೆದ್ದಳು. ಕೈ ತೊಳೆದು ಮುಲಾಮು ಸವರಿಕೊಂಡಳು. ಮುಂಬಾಗಿಲ ಮೆಟ್ಟಿಲ ಮೇಲೆ ಖಾಲಿ ಮೈದಾ ಚೀಲ ಹಾಸಿ ಕುಳಿತು, ಎರಡೂ ಕೈ ಬಿಸಿಲಿಗೆ ಚಾಚಿದಳು.

ಬ್ರೆಡ್ಡು ಹಿಡಿದಿದ್ದ ಹೆಂಗಸೊಬ್ಬಳು ಸರಕ್ಕನೆ ಹಿಂದೆ ಸರಿದಳು. "ಥೂ! ಇವಳಿಗೇನ್ರೀ ಇಲ್ಲಿ ಕೆಲಸ?"

"ನೀವು ತಿನ್ನೋ ಬ್ರೆಡ್ಡಿನ ಹಿಟ್ಟು ನಾದೋದಮ್ಮ," ಎಂದಳು ಅಕ್ಕ. "ಮೆತ್ತಗಿದೆ ಅಂತ ನಿನ್ನೆ ಹೊಗಳಿದ್ರಲ್ಲ, ಗೋಡೆಯಾಚೆ ಕೇಳಿಸ್ತು."

ಸಾಹುಕಾರ ಮೊದಲ ಸಲ ಗಲ್ಲಾ ಬಿಟ್ಟೆದ್ದ. "ಒಳಗೆ ಹೋಗೇ, ಮುಂಡೇದೇ!"

ಹೋಗಬೇಕಾದವಳು ಹೋಗಲಿಲ್ಲ. ಒಳಗಿದ್ದ ನಾನೇ ಬಂದು ಅವಳ ಪಕ್ಕ ಕುಳಿತೆ. ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬೀದಿಗೆ ಬಂತು.

"ಅಯ್ಯೋ, ಭಟ್ಟೀಲಿ ಬ್ರೆಡ್ಡು ಸೀಯ್ತಿದೆ ಕಣ್ರೇ! ತೆಗೀರೇ!"

ಅಕ್ಕ ಅಂಗೈ ಮಗುಚಿ ಬಿಸಿಲಿಗೆ ಹಿಡಿದಳು. "ನೀವೇ ಕೈ ಹಾಕಿ ತೆಗೀರಿ ಸಾಹುಕಾರ್ರೇ. ಶಾಖ ತಾನೇ?"