ಬೆನ್ನು ತಿರುಗಿಸಿ ನೋಡಿದ ಮ್ಯಾಚು

ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಮ್ಯಾಚು ನೋಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇನ್ನು ಮನೆಯಲ್ಲಿ ಮಲಗಿ ಯೂಟ್ಯೂಬ್ ಲೈವ್‌ನಲ್ಲಿ ನೋಡಿ, ಮಾರನೆಯ ದಿನ ನನ್ನ ಅಂಗಡಿಗೆ ಬಂದು 'ಡಿಫೆನ್ಸ್ ಸರಿ ಇರ್ಲಿಲ್ಲ ಸಾರ್' ಅನ್ನುವವರಿಗೆ ಝೆರಾಕ್ಸ್ ಕೂಡ ಮಾಡಿಕೊಡಬಾರದು ಅನ್ನಿಸುತ್ತದೆ. ಮಾಡಿಕೊಡುತ್ತೇನೆ, ಆದರೆ ಮುಖ ಗಂಟು ಹಾಕಿಕೊಂಡು.

ನನ್ನ ಹೆಸರು ಚನ್ನವೀರಯ್ಯ. ತುಮಕೂರಿನಲ್ಲಿ ನಮ್ಮ ಕಾಲೇಜಿನ ಗೇಟಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ನಮ್ಮ ಕಾಲೇಜು ಅನ್ನುತ್ತೇನೆಯೇ ಹೊರತು ನಾನು ಅಲ್ಲಿ ಓದಿದವನಲ್ಲ. ಪಿಯುಸಿಗೇ ಓದು ಕೈಕೊಟ್ಟಿತು. ಆದರೆ ಹನ್ನೊಂದು ವರ್ಷದಿಂದ ನಮ್ಮ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೀಮಿನ ಒಂದೇ ಒಂದು ಮ್ಯಾಚನ್ನೂ ತಪ್ಪಿಸಿದವನಲ್ಲ. ಜೊತೆಗೆ ದಯಾನಂದ ಇರುತ್ತಾನೆ. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಮ್ಯಾಚಿನ ದಿನ ಯಾರ ಕೈಕಾಲಾದರೂ ಹಿಡಿದು ಶಿಫ್ಟ್ ಬದಲಾಯಿಸಿಕೊಂಡು ತನ್ನ ಓಮ್ನಿ ತಗೊಂಡು ಬಂದುಬಿಡುತ್ತಾನೆ.

ಮ್ಯಾಚು ನೋಡುವುದಕ್ಕೆ ನಮ್ಮದೇ ಕಟ್ಟುಪಾಡುಗಳಿವೆ. ಯಾವ ಕೋರ್ಟಾದರೂ ರಿಂಗಿನ ಕಂಬದ ಎಡಗಡೆ ನಿಂತೇ ನೋಡಬೇಕು. ದಯಾನಂದ ಬಲಗಾಲಿನ ಚಪ್ಪಲಿ ಬಿಟ್ಟಿರಬೇಕು. ಕೊನೆಯ ವಿಷಲ್ ಊದುವ ತನಕ 'ಗೆಲ್ತೀವಿ' ಅನ್ನುವ ಮಾತು ಯಾರ ಬಾಯಲ್ಲೂ ಬರಕೂಡದು. ಎದುರಿನವರ ತಪ್ಪಿಗೆ ಸಿಕ್ಕ ಫ್ರೀ ಥ್ರೋವನ್ನು ನಮ್ಮವರು ಹಾಕುವಾಗ ನಾನು ಕೋರ್ಟಿಗೆ ಬೆನ್ನು ತಿರುಗಿಸಿ ನಿಲ್ಲುತ್ತೇನೆ. ಚೆಂಡು ರಿಂಗಿಗೆ ಬಡಿದರೆ ಠಣ್ ಅನ್ನುತ್ತದೆ, ಬಲೆಯೊಳಗೆ ಇಳಿದರೆ ಸರ್ರನೆ ಸದ್ದು. ಅಷ್ಟರಲ್ಲೇ ನನಗೆ ಎಲ್ಲ ಗೊತ್ತಾಗುತ್ತದೆ. ಹನ್ನೊಂದು ವರ್ಷದಲ್ಲಿ ನಮ್ಮವರ ಒಂದು ಫ್ರೀ ಥ್ರೋವನ್ನೂ ನಾನು ಕಣ್ಣಾರೆ ಕಂಡಿಲ್ಲ. ನಗುವವರು ನಗಲಿ.

ವನಜಮ್ಮನ ವಿಷಯಕ್ಕೆ ಬರುತ್ತೇನೆ. ಅವರು ನಮ್ಮ ಕ್ಯಾಪ್ಟನ್ ಶಿಲ್ಪಾಳ ತಾಯಿ. ಗೂಳೂರಿನವರು, ಅಂತರಸನಹಳ್ಳಿಯ ಒಂದು ಪ್ಯಾಕಿಂಗ್ ಯೂನಿಟ್ಟಿನಲ್ಲಿ ಕೆಲಸ. ಹೋದ ವರ್ಷ ಎರಡು ಸಲ ಮಗಳ ಆಟ ನೋಡಲು ಬಂದರು. ಎರಡೂ ಸಲ ಸೋತೆವು. ಈ ವರ್ಷದ ಮೊದಲ ಮ್ಯಾಚಿಗೆ ಅವರು ಗೇಟಿನ ಹತ್ತಿರ ಕಂಡಾಗ ನಾನೇ ಅಡ್ಡ ಹೋದೆ.

"ತಪ್ಪು ತಿಳ್ಕೋಬೇಡಿ ಅಮ್ಮ. ನಿಮ್ಮ ಕಾಲ್ಗುಣ ಯಾಕೋ ನಮ್ ಟೀಮಿಗೆ ಆಗ್ಬರ್ತಿಲ್ಲ," ಅಂದೆ.

"ಹೌದಾ ಸಾರ್," ಅಂದು ಚೀಲದಿಂದ ಒಂದು ಡಬ್ಬಿ ತೆಗೆದರು. "ಚಕ್ಲಿ. ಹುಡುಗೀರಿಗೆ ಕೊಟ್ಬುಡಿ." ಡಬ್ಬಿಯನ್ನು ನನ್ನ ಕೈಗಿಟ್ಟು ಬಸ್ ಸ್ಟಾಪಿನ ಕಡೆ ನಡೆದರು. ಅವತ್ತು ಹದಿನಾಲ್ಕು ಪಾಯಿಂಟಿನಿಂದ ಗೆದ್ದೆವು. ನೋಡ್ದ್ಯಾ, ನಾನು ಹೇಳಿರ್ಲಿಲ್ವಾ ಅಂತ ದಯಾನಂದನ ಮುಂದೆ ಜಂಬ ಕೊಚ್ಚಿಕೊಂಡೆ. ಚಕ್ಕುಲಿಯನ್ನೂ ತಿಂದೆ.

ಆದರೂ ರಾತ್ರಿ ಊಟಕ್ಕೆ ಕೂತಾಗ ಅವರು ಬಸ್ ಸ್ಟಾಪಿನ ಕಡೆ ನಡೆದದ್ದೇ ನೆನಪಾಯಿತು. ಅದಕ್ಕೇ ಮುಂದಿನ ಮ್ಯಾಚಿನಿಂದ ಒಂದು ಏರ್ಪಾಡು ಮಾಡಿದೆ. ಆಟ ಶುರುವಾದ ಕೂಡಲೇ ಅವರಿಗೆ ಫೋನ್ ಮಾಡಿ, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಂಡದ್ದನ್ನೆಲ್ಲ ಹೇಳುತ್ತಾ ಹೋಗುವುದು. ಅವರು ಕೆಲಸದ ಜಾಗದಲ್ಲೇ ಕೇಳಿಸಿಕೊಳ್ಳುವುದು. ಅವರ ಕಡೆಯಿಂದ ಒಂದು ಸಣ್ಣ ಸದ್ದೂ ಬರುತ್ತಿರಲಿಲ್ಲ. ಮಿಷಿನ್ನಿನ ಗದ್ದಲ ನನಗೆ ತೊಂದರೆಯಾಗದಿರಲಿ ಎಂದು ಮ್ಯೂಟ್ ಮಾಡಿರುತ್ತಾರೆ ಅಂದುಕೊಂಡಿದ್ದೆ. ಹೀಗೆ ಮೊದಲನೆಯದೂ ಸೇರಿ ಒಂದರ ಹಿಂದೊಂದು ಏಳು ಮ್ಯಾಚು ಗೆದ್ದು ಫೈನಲ್ ತಲುಪಿದೆವು. ಹನ್ನೊಂದು ವರ್ಷದಲ್ಲಿ ಇದೇ ಮೊದಲು.

ಫೈನಲ್ ಕುಣಿಗಲ್ಲಿನಲ್ಲಿ, ಎದುರಿಗೆ ಗುಬ್ಬಿಯ ಕಾಲೇಜು. ಶಿಲ್ಪಾಗೆ ಇದು ಡಿಗ್ರಿಯ ಕೊನೆಯ ವರ್ಷ, ಕಾಲೇಜಿಗೆ ಆಡುವ ಕೊನೆಯ ಮ್ಯಾಚು. ಆಟಕ್ಕೆ ಮುಂಚೆ ಶೂ ಲೇಸು ಬಿಗಿಯುತ್ತಾ ಅವಳು ನನ್ನನ್ನು ಕೇಳಿದಳು.

"ಇವತ್ತಾದ್ರೂ ಅಮ್ಮಂಗೆ ರಜೆ ಸಿಕ್ತಾ ಅಂಕಲ್? ಪ್ರತಿ ಸಲಾನೂ ಓನರ್ರು ಬಿಡಲ್ಲ ಅಂತದೆ."

ಅಂದರೆ ವನಜಮ್ಮ ನನ್ನ ಹೆಸರನ್ನೇ ಎತ್ತಿರಲಿಲ್ಲ. ತಪ್ಪನ್ನೆಲ್ಲ ಓನರ್ ತಲೆಗೆ ಕಟ್ಟಿದ್ದರು. "ನೋಡಾಣ ಕಣಮ್ಮ, ನೀನು ಆಟದ ಕಡೆ ಗಮನ ಕೊಡು," ಅಂದು ಅಲ್ಲಿಂದ ಜಾರಿಕೊಂಡೆ. ಕಂಬದ ಹತ್ತಿರ ನಿಂತು ಫೋನ್ ಮಾಡಿದೆ.

"ಇವತ್ತು ಸ್ವಲ್ಪ ನಿಧಾನಕ್ಕೆ ಹೇಳಿ ಸಾರ್," ಅಂದರು ವನಜಮ್ಮ. "ಕೊನೇದು ಅಲ್ವಾ."

ನಿಧಾನವೆಲ್ಲಿ ಬಂತು. ಗುಬ್ಬಿಯವರು ಎರಡು ಟೆಂಪೊ ತುಂಬ ಜನ ಬಂದಿದ್ದರು, ತಮಟೆ ಬೇರೆ ತಂದಿದ್ದರು. ನಮ್ಮ ಹುಡುಗಿಯರು ಮೊದಲ ಐದು ನಿಮಿಷದಲ್ಲೇ ಅವರ ತಮಟೆಯ ಬಾಯಿ ಮುಚ್ಚಿಸಿದರು. ಶಿಲ್ಪಾ ಎಡಗಡೆಯಿಂದ ನುಗ್ಗಿ ಒಂದು, ಬಲಗಡೆಯಿಂದ ನುಗ್ಗಿ ಒಂದು. ನಾನು ಗಂಟಲು ಹರಿಯುವ ಹಾಗೆ ಹೇಳುತ್ತಿದ್ದೆ: "ಬಾಲ್ ಶಿಲ್ಪಾ ಕೈಗೆ ಬಂತು, ಇಬ್ರು ಅಡ್ಡ ಬಂದವ್ರೆ, ಬಗ್ಗಿದ್ಲು, ಅವ್ರ ಮಧ್ಯಾನೇ ತೂರ್ಕೊಂಡ್ಲು, ಹಾಕ್ಬುಟ್ಲು ಅಮ್ಮ, ಹಾಕ್ಬುಟ್ಲು." ಅರ್ಧ ಆಟಕ್ಕೆ ಒಂಬತ್ತು ಪಾಯಿಂಟ್ ಮುಂದಿದ್ದೆವು. ದಯಾನಂದ ಒಂಟಿ ಚಪ್ಪಲಿಯಲ್ಲೇ ಕುಣಿಯುತ್ತಿದ್ದ.

ಆಮೇಲೆ ಗುಬ್ಬಿಯವರು ತಿರುಗಿಬಿದ್ದರು. ಅವರ ಹತ್ತನೇ ನಂಬರಿನ ಹುಡುಗಿಗೆ ಮೈಮೇಲೆ ದೇವರು ಬಂದ ಹಾಗೆ, ಹಾಕಿದ್ದೆಲ್ಲ ಬೀಳುತ್ತಿತ್ತು. ಒಂಬತ್ತು ಆರಾಯಿತು, ಆರು ಮೂರಾಯಿತು. ಇನ್ನು ನಲವತ್ತು ಸೆಕೆಂಡ್ ಇದೆ ಅನ್ನುವಾಗ ಅವರು ಐವತ್ತಮೂರು, ನಾವು ಐವತ್ತೆರಡು. ನಮ್ಮ ಕೋಚ್ ಟೈಮ್‌ಔಟ್ ಕೇಳಿದರು.

ಆಗ ಮೈಕಿನವನು ಕೂಗಿದ: "ಬಿಳೀ ಓಮ್ನಿ, ಕೆಎ ಸೊನ್ನೆ ಆರು, ಆಂಬುಲೆನ್ಸ್ ದಾರೀಲಿ ನಿಲ್ಸಿದೀರಾ, ತಕ್ಷಣ ತೆಗೀರಿ."

"ನಿಂದೇ ಕಣೋ," ಅಂದೆ ದಯಾನಂದನಿಗೆ.

"ಪ್ರಾಣ ಹೋದ್ರೂ ಈಗ ಜಾಗ ಬಿಡಲ್ಲ ಅಣ್ಣ," ಅಂದು ಅವನು ಅಲ್ಲೇ ನಿಂತಿದ್ದ ಪರಿಚಯದವರೊಬ್ಬರಿಗೆ ಕೀ ಎಸೆದ.

ನಾನು ನಗಬೇಕಿತ್ತು. ಆದರೆ ನನ್ನ ಬಲಗಿವಿಯಲ್ಲಿ, ಇಯರ್‌ಫೋನಿನೊಳಗೆ, ಅದೇ ಮೈಕಿನವನ ದನಿ ಒಂದು ಗಳಿಗೆ ತಡವಾಗಿ ಬರುತ್ತಿತ್ತು. ಬಿಳೀ ಓಮ್ನಿ. ಕೆಎ ಸೊನ್ನೆ ಆರು. ಅಂತರಸನಹಳ್ಳಿಯ ಪ್ಯಾಕಿಂಗ್ ಯೂನಿಟ್ಟಿನಲ್ಲಿ ಯಾರು ತಾನೇ ದಯಾನಂದನ ಓಮ್ನಿ ತೆಗೆ ಅನ್ನುತ್ತಾರೆ? ವನಜಮ್ಮ ಇವತ್ತು ಮ್ಯೂಟ್ ಮಾಡುವುದನ್ನು ಮರೆತಿದ್ದರು, ತಮಟೆಯ ಗದ್ದಲದಲ್ಲಿ ನನಗೂ ಈ ತನಕ ಗೊತ್ತಾಗಿರಲಿಲ್ಲ.

"ಎಲ್ಲಿದೀರಾ ಅಮ್ಮ ನೀವು?"

"ಇಲ್ಲೇ ಸಾರ್. ನೀರಿನ ಟ್ಯಾಂಕ್ ಹತ್ರ."

ನನ್ನ ಪಿತ್ತ ನೆತ್ತಿಗೇರಿತು. ಒಂಬತ್ತು ಪಾಯಿಂಟ್ ಕರಗಿ ಹೋದದ್ದು ಯಾಕೆ ಅಂತ ಈಗ ಗೊತ್ತಾಯಿತು. ಹನ್ನೊಂದು ವರ್ಷದ ಆಸೆಗೆ ಕೊನೇ ನಿಮಿಷದಲ್ಲಿ ಮಣ್ಣು ಹಾಕಿದರಲ್ಲ ಈಯಮ್ಮ ಅಂತ ಹಲ್ಲು ಕಡಿಯುತ್ತಾ ಕಂಬ ಬಿಟ್ಟು ಓಡಿದೆ. ಕೋರ್ಟಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ ಮೈದಾನದ ಅಂಚಿಗೆ ಟ್ಯಾಂಕ್. ಬಾಯಿಗೆ ಬಂದದ್ದನ್ನೆಲ್ಲ ಅನ್ನಬೇಕೆಂದೇ ಹೋದವನು, ಅವರನ್ನು ಕಂಡು ನಿಂತುಬಿಟ್ಟೆ.

ವನಜಮ್ಮ ಕೋರ್ಟಿಗೆ ಬೆನ್ನು ಹಾಕಿ, ಟ್ಯಾಂಕಿನ ಗೋಡೆಗೆ ಮುಖ ಮಾಡಿ ನಿಂತಿದ್ದರು. ಕಿವಿಗೆ ಫೋನ್, ಇನ್ನೊಂದು ಕೈಯಲ್ಲಿ ಅದೇ ಚೀಲ. ಹೆಜ್ಜೆಯ ಸದ್ದು ಕೇಳಿಯೂ ತಿರುಗಲಿಲ್ಲ.

"ನೋಡ್ಲಿಲ್ಲ ಸಾರ್," ಅಂದರು ಗೋಡೆಗೇ. "ದೇವ್ರಾಣೆ ಒಂದ್ಸಲಾನೂ ತಿರುಗಿ ನೋಡ್ಲಿಲ್ಲ. ಕೇಳ್ತಾ ಇದ್ದೆ ಅಷ್ಟೇ. ಇಲ್ಲಿಂದಾದ್ರೆ ಅವಳು ಕೂಗೋದು ಕೇಳುಸ್ತದೆ."

"ಇವತ್ತೇ ಬಂದಿದ್ದಾ?"

"ಎಲ್ಲಾ ಮ್ಯಾಚ್ಗೂ ಬಂದಿದೀನಿ ಸಾರ್. ಅರ್ಧ ದಿನ ರಜಾ ಹಾಕ್ಬುಡ್ತೀನಿ."

ಆ ಮೊದಲ ದಿನ ಚಕ್ಕುಲಿ ಕೊಟ್ಟವರು ಬಸ್ಸು ಹತ್ತಿರಲೇ ಇಲ್ಲ. ಕಾಂಪೌಂಡಿನ ಹೊರಗೆ ನಿಂತಿದ್ದರಂತೆ. ಏಳು ಮ್ಯಾಚು, ಏಳರಲ್ಲೂ ಈ ತಾಯಿ ಕೂಗಳತೆಯಲ್ಲೇ ಇದ್ದರು, ಏಳರಲ್ಲೂ ಗೆದ್ದಿದ್ದೆವು. ನನಗೆ ನಾಚಿಕೆಯಾಯಿತು. ಐವತ್ತೆರಡು ವರ್ಷದ ಗಂಡಸು, ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಅಷ್ಟರಲ್ಲಿ ವಿಷಲ್ ಕೇಳಿತು, ಜನ ಹೋ ಎಂದರು. ತಿರುಗಿ ನೋಡಿದೆ. ಶಿಲ್ಪಾ ಚೆಂಡು ಹಿಡಿದು ನುಗ್ಗಿದ್ದಳು, ಗುಬ್ಬಿಯವಳು ಕೈ ಮೇಲೆ ಹೊಡೆದಿದ್ದಳು. ಉಳಿದದ್ದು ಮೂರು ಸೆಕೆಂಡ್. ಶಿಲ್ಪಾಗೆ ಎರಡು ಫ್ರೀ ಥ್ರೋ.

ಅಭ್ಯಾಸ ನೋಡಿ, ನನ್ನ ಕಾಲು ತಾನಾಗಿಯೇ ತಿರುಗಿತು. ಕೋರ್ಟಿಗೆ ಬೆನ್ನು ಹಾಕಿ ನಾನೂ ಗೋಡೆಗೆ ಮುಖ ಮಾಡಿದೆ. ಗೋಡೆಯ ಮುಂದೆ ಈಗ ಇಬ್ಬರು. ಮಗಳ ಕೊನೆಯ ಆಟ ಬೆನ್ನ ಹಿಂದೆ ನಡೆಯುತ್ತಿದೆ, ನಾವಿಬ್ಬರೂ ಪಾಚಿ ಕಟ್ಟಿದ ಸಿಮೆಂಟು ನೋಡುತ್ತಿದ್ದೇವೆ. ನನ್ನ ಮೇಲೆ ನನಗೇ ಕೋಪ ಬಂತು.

"ತಿರುಗಿ ವನಜಮ್ಮ."

"ಬ್ಯಾಡಿ ಸಾರ್. ಸೋತ್ರೆ?"

"ಸೋತ್ರೆ ನನ್ ತಲೆ ಮೇಲಿರ್ಲಿ. ನಾನೂ ತಿರುಗ್ತೀನಿ, ತಿರುಗಿ."

ಇಬ್ಬರೂ ತಿರುಗಿದೆವು. ಶಿಲ್ಪಾ ಗೆರೆಯ ಮೇಲೆ ನಿಂತಿದ್ದಳು. ಚೆಂಡನ್ನು ಮೂರು ಸಲ ನೆಲಕ್ಕೆ ಕುಟ್ಟಿ, ಮೂಗು ಒರೆಸಿಕೊಂಡು, ಎಸೆದಳು. ಸರ್ರನೆ ಇಳಿಯಿತು. ಫ್ರೀ ಥ್ರೋ ಅನ್ನುವುದು ಇಷ್ಟು ಚೆಂದ ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಐವತ್ತಮೂರು, ಐವತ್ತಮೂರು. ವನಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಎರಡನೆಯದು ಎಸೆದಳು. ಠಣ್. ಚೆಂಡು ರಿಂಗಿನ ಮೇಲೆ ಒಂದು ಸುತ್ತು ಹೊಡೆದು ಹೊರಗೆ ಬಿತ್ತು, ಸಮಯ ಮುಗಿಯಿತು.

"ಸೋತ್ವಾ ಸಾರ್?"

"ಇಲ್ಲ. ಸಮ ಆಯ್ತು. ಇನ್ನೂ ಐದು ನಿಮಿಷ ಆಡುಸ್ತಾರೆ."

"ಇನ್ನೂ ಐದು ನಿಮಿಷ ಆಡ್ತಾಳಾ?" ಅಂದರು. ಫ್ರೀ ಥ್ರೋ ತಪ್ಪಿದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಅವರನ್ನು ಕರೆದುಕೊಂಡು ಕಂಬದ ಹತ್ತಿರ ಬಂದೆ. ದಯಾನಂದ ಅವರನ್ನು ನೋಡಿದ, ನನ್ನನ್ನು ನೋಡಿದ, ಇನ್ನೊಂದು ಚಪ್ಪಲಿಯನ್ನೂ ಕಳಚಿದ.

ಆ ಐದು ನಿಮಿಷ ನಾನು ಆಟ ನೋಡಿದ್ದೆಷ್ಟೋ, ವನಜಮ್ಮನನ್ನು ನೋಡಿದ್ದೆಷ್ಟೋ. "ಶಿಲ್ಪೀ, ಬಗ್ಗು. ಹಿಂದೆ ಬಂದವ್ಳೆ ನೋಡು. ಹಾಕವ್ವಾ," ಅಂತ ಅವರು ಕೂಗುತ್ತಿದ್ದರೆ ಗುಬ್ಬಿಯ ತಮಟೆ ಸಪ್ಪೆಯಾಗಿ ಕೇಳುತ್ತಿತ್ತು. ಶಿಲ್ಪಾ ಆ ದನಿಗೆ ತಲೆಯೆತ್ತಿದಳು. ಒಂದು ಗಳಿಗೆ ಆಟವನ್ನೇ ಮರೆತು ನಿಂತಳು. ಮರುಗಳಿಗೆ ಕೈಗೆ ಬಂದ ಚೆಂಡನ್ನು ಅಲ್ಲಿಂದಲೇ, ಮೂರು ಪಾಯಿಂಟಿನ ಗೆರೆಯ ಆಚೆಯಿಂದಲೇ ಎಸೆದಳು. ಬಿತ್ತು. ದಯಾನಂದ ನನ್ನ ಬೆನ್ನಿಗೆ ಗುದ್ದಿದ ಗುದ್ದು ಮೂರು ದಿನ ನೋಯುತ್ತಿತ್ತು. ಆದರೆ ಗುಬ್ಬಿಯ ಹತ್ತನೇ ನಂಬರಿನವಳಿಗೆ ದೇವರು ಇನ್ನೂ ಇಳಿದಿರಲಿಲ್ಲ. ಐವತ್ತೆಂಟು, ಅರವತ್ತು. ಎರಡೇ ಎರಡು ಪಾಯಿಂಟಿನಿಂದ ಸೋತೆವು.

ವನಜಮ್ಮನ ಮುಖ ಬಾಡಿತು. "ನಾನು ನೋಡ್ಬಾರ್ದಿತ್ತು ಸಾರ್."

"ನಿಮ್ದಲ್ಲ ಬುಡಿ," ಅಂದೆ. "ಹನ್ನೊಂದು ವರ್ಷ ಫ್ರೀ ಥ್ರೋ ನೋಡದೇ ಇದ್ದೋನು ಇವತ್ತು ಕಣ್ ಬಿಟ್ಕೊಂಡು ನೋಡ್ದೆ. ಎರಡನೇದು ತಪ್ಪಿದ್ದು ನನ್ನಿಂದ."

ಸಮಾಧಾನಕ್ಕೆ ಹೇಳಿದ್ದಲ್ಲ ಅದು. ನಾನು ಈಗಲೂ ಹಾಗೇ ನಂಬಿದ್ದೇನೆ. ದಯಾನಂದನೂ ಅದನ್ನೇ ನಂಬಿ ನನ್ನ ಜೊತೆ ಎರಡು ವಾರ ಮಾತು ಬಿಟ್ಟ.

ಶಿಲ್ಪಾ ಬೆವರು, ಕಣ್ಣೀರು ಎರಡನ್ನೂ ಜೆರ್ಸಿಯಲ್ಲೇ ಒರೆಸಿಕೊಳ್ಳುತ್ತಾ ಬಂದಳು. "ಯಾವಾಗ್ ಬಂದೆ ಅಮ್ಮ? ಓನರ್ರು ಬಿಟ್ರಾ?"

ವನಜಮ್ಮ ನನ್ನ ಕಡೆ ನೋಡಿದರು. ಈಗಲೂ ಅವರು ಬಾಯಿ ಬಿಡುವವರಲ್ಲ ಅಂತ ಗೊತ್ತಾಯಿತು.

"ಎಲ್ಲಾ ಮ್ಯಾಚ್ಗೂ ಬಂದವ್ರೆ ಕಣಮ್ಮ," ಅಂದೆ. "ಓನರ್ ಅಲ್ಲ, ನೋಡಕ್ಕೆ ಬಿಡದೇ ಇದ್ದಿದ್ದು ನಾನು."

ಶಿಲ್ಪಾ ನನ್ನನ್ನು ನೋಡಿದ ನೋಟಕ್ಕೆ ನಾನು ತಲೆ ತಗ್ಗಿಸಿದೆ. ಬೈಯಲಿಲ್ಲ. ತಾಯಿಯ ಕಡೆ ತಿರುಗಿ ಒಂದೇ ಮಾತು ಕೇಳಿದಳು: "ಆ ತ್ರೀ ಪಾಯಿಂಟರ್ ನೋಡ್ದ್ಯಾ?"

"ನೋಡ್ದೆ. ನೀನು ಇಲ್ಲಿ ನಿಂತಿದ್ದೆ," ಅಂದು ವನಜಮ್ಮ ಚೀಲ ಕೆಳಗಿಟ್ಟು ಮೊಣಕಾಲು ಬಗ್ಗಿಸಿದರು. "ಹಿಂಗೆ ಬಗ್ಗಿದೆ. ಆಮೇಲೆ ಹಿಂಗೆ ಎತ್ತಿದೆ..." ಅವರ ಮಾತು ಎದುರಿನಿಂದ ಒಂದು ಸಲ, ನನ್ನ ಬಲಗಿವಿಯೊಳಗೆ ತಡವಾಗಿ ಇನ್ನೊಂದು ಸಲ ಬರುತ್ತಿತ್ತು. ಫೋನ್ ಇನ್ನೂ ನಡೆಯುತ್ತಲೇ ಇತ್ತು. ನಾನು ಇಯರ್‌ಫೋನ್ ಕಿತ್ತು ಜೇಬಿಗೆ ಹಾಕಿಕೊಂಡೆ, ಉಳಿದದ್ದನ್ನು ಅವರು ಹೇಳಿದ ಹಾಗೆ ನಿಂತು ಕೇಳಿದೆ.