ಐದನೆಯ ತಲೆ

ಅಯೋವಾದ ಜೋಳದ ಹೊಲಗಳ ನಡುವಿದ್ದ ಆ ಪುಟ್ಟ ಕಾಲೇಜಿನಲ್ಲಿ ಭೌತಶಾಸ್ತ್ರ ಓದಬೇಕೆಂದರೆ ಪಾಠ ಕಲಿಯುವುದು ಆಮೇಲಿನ ಮಾತು, ಮೊದಲು ಜನ ಕೂಡಿಸಬೇಕಿತ್ತು. ತರಗತಿಗೆ ಐದು ತಲೆ ಸೇರದಿದ್ದರೆ ಮೊದಲ ವಾರದ ಶುಕ್ರವಾರ ಡೀನ್ ಸಾಹೇಬರು ಅದನ್ನು ನಗುನಗುತ್ತಲೇ ರದ್ದು ಮಾಡುತ್ತಿದ್ದರು. ನಗುನಗುತ್ತಲೇ! ಆ ಊರಿನಲ್ಲಿ ಕೆಟ್ಟ ಸುದ್ದಿಯನ್ನೂ ಬಿಸಿ ಕಾಫಿಯ ಜೊತೆಗೇ ಕೊಡುವುದು ವಾಡಿಕೆ. ಎದುರಿಗಿದ್ದವರ ಮುಖ ನೋಡಿಕೊಂಡು 'ಆಗುವುದಿಲ್ಲ' ಅನ್ನುವ ಗಂಡಸಾಗಲಿ ಹೆಂಗಸಾಗಲಿ ಅಲ್ಲಿ ಹುಟ್ಟಿರಲಿಲ್ಲ.

ಜೋಲೀನ್ ಹೇವರ್‌ಕ್ಯಾಂಪ್ ಮೂರನೇ ವರ್ಷದ ವಿದ್ಯಾರ್ಥಿನಿ. ಇಲ್ಲಿ ಮೂರು ವರ್ಷ ಭೌತಶಾಸ್ತ್ರ, ನಡುನಡುವೆ ಒಂದಿಷ್ಟು ಕಾವ್ಯ, ಒಂದಿಷ್ಟು ಕುಂಬಾರಿಕೆ. ಆಮೇಲೆ ನಗರದ ದೊಡ್ಡ ಎಂಜಿನಿಯರಿಂಗ್ ಶಾಲೆಯಲ್ಲಿ ಎರಡು ವರ್ಷ. ಎರಡು ಕಾಲೇಜುಗಳ ನಡುವೆ ಹೀಗೊಂದು ಒಪ್ಪಂದವಿತ್ತು. ಅಪ್ಪನ ಜೊತೆ ಜೋಳ ಒಣಗಿಸುವ ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತ ಬೆಳೆದವಳಿಗೆ ಎಂಜಿನಿಯರ್ ಆಗುವುದು ಬಿಟ್ಟು ಬೇರೆ ಆಸೆಯೇ ಇರಲಿಲ್ಲ. ಆ ಶಾಲೆ ಕೇಳುತ್ತಿದ್ದದ್ದಾದರೂ ಏನು? ವಿದ್ಯುತ್ಕಾಂತತೆಯ ಪಾಠ ಮುಗಿಸಿರಬೇಕು, ಒಟ್ಟು ಸರಾಸರಿ ಬಿ ದರ್ಜೆಗಿಂತ ಕೆಳಗಿಳಿಯಬಾರದು. ಜನವರಿಯಲ್ಲಿ ಬಂದು ನೋಡಿದರೆ ವಿದ್ಯುತ್ಕಾಂತತೆಗೆ ಹೆಸರು ಕೊಟ್ಟವರು ಅವಳೂ ಸೇರಿ ನಾಲ್ಕೇ ಜನ.

"ಈಗೇನ್ಮಾಡೋದು ಆರ್ವಿಡ್?" ಎಂದು ಅವಳು ಭೌತಶಾಸ್ತ್ರದ ಪ್ರೊಫೆಸರನ್ನು ಕೇಳಿದಳು. ಆತನನ್ನು ಎಲ್ಲರೂ ಹೆಸರು ಹಿಡಿದೇ ಕರೆಯುತ್ತಿದ್ದರು.

"ಯಾರನ್ನಾದ್ರೂ ಹಿಡ್ಕೊಂಡು ಬಾ. ಉಸಿರಾಡ್ತಿದ್ರೆ ಸಾಕು," ಎಂದು ಆರ್ವಿಡ್ ನೆಲಮಾಳಿಗೆಯ ಲ್ಯಾಬಿನಲ್ಲಿದ್ದ, ವಿದ್ಯುತ್ತಿನ ಅಲೆ ತೋರಿಸುವ ಆಸಿಲೋಸ್ಕೋಪಿನ ನೆತ್ತಿಗೊಂದು ಮೊಟಕಿದ. ಮೊಟಕದೆ ಅದು ಕೆಲಸ ಮಾಡುತ್ತಿರಲಿಲ್ಲ.

ಊಟದ ಹಾಲಿನಲ್ಲಿ ಜೋಲೀನ್ ಕೈಗೆ ಸಿಕ್ಕಿಬಿದ್ದವನು ಥ್ಯಾಡ್ ಪ್ರೂವಿಟ್. ಪುರಾತನ ಗ್ರೀಕ್ ಭಾಷೆ ಓದುವವನು, ಅದನ್ನು ಓದಿ ಏನು ಮಾಡುತ್ತೀ ಎಂದು ಕೇಳಿದವರಿಗೆಲ್ಲ 'ಓದುತ್ತೀನಿ' ಎಂದು ಉತ್ತರ ಕೊಡುವವನು.

"ನಮ್ ಕ್ಲಾಸಿಗೆ ಸೇರ್ಕೊಳ್ಳೋ ಥ್ಯಾಡ್. ಲೆಕ್ಕ ಎಲ್ಲಾ ನಾನೇ ಹೇಳ್ಕೊಡ್ತೀನಿ."

"ಬಲ್ಬ್ ಬದಲಾಯ್ಸೋಕೂ ಬರಲ್ಲ ಕಣೇ ನಂಗೆ."

"ನಂಗೆ ಬೇಕಾಗಿರೋದು ನಿನ್ನ ತಲೆ. ಒಳಗೆ ಏನಿದ್ಯೋ ಅದು ನೀನೇ ಇಟ್ಕೊ."

ಥ್ಯಾಡ್ ವಾಫಲ್ ಮೇಲೆ ಪಾಕ ಸುರಿದುಕೊಳ್ಳುತ್ತ ಯೋಚಿಸಿದ. "ಸರಿ. ಆದ್ರೆ ಗ್ರೀಕ್‌ಗೂ ನಾಲ್ಕೇ ಜನ ಇರೋದು. ನನ್ನ ತಲೆ ನೀನು ತಗೋ, ನಿನ್ನ ತಲೆ ನಂಗೆ ಕೊಡು."

ವ್ಯಾಪಾರ ಕುದುರಿತು. ಶುಕ್ರವಾರ ಎರಡೂ ತರಗತಿಗಳು ಬದುಕಿಕೊಂಡವು. ಭೌತಶಾಸ್ತ್ರದ ಹುಡುಗಿ ಗ್ರೀಕಿಗೆ, ಗ್ರೀಕಿನ ಹುಡುಗ ಭೌತಶಾಸ್ತ್ರಕ್ಕೆ! ನಮ್ಮ ಮಕ್ಕಳ ಜ್ಞಾನದಾಹ ನೋಡಿರೆಂದು ಡೀನ್ ಸಾಹೇಬರು ಹೋದಲ್ಲಿ ಬಂದಲ್ಲಿ ಹೇಳಿಕೊಂಡು ತಿರುಗಿದರು.

ಸೋಮವಾರ ವಿದ್ಯುತ್ಕಾಂತತೆಯ ತರಗತಿಯಲ್ಲಿ ಥ್ಯಾಡ್ ಪತ್ತೆಯಿಲ್ಲ. ಜೋಲೀನ್ ಅವನನ್ನು ಹುಡುಕಿಕೊಂಡು ಹೋಗಿ ಲೈಬ್ರರಿಯಲ್ಲಿ ಹಿಡಿದಳು.

"ಎಣಿಕೆ ಮುಗೀತಲ್ಲ ಮಾರಾಯ್ತಿ, ಬಿಟ್ಟೆ," ಎಂದ ಅವನು ತಣ್ಣಗೆ. "ಇನ್ನು ನಿಮ್ಮ ಕ್ಲಾಸನ್ನ ಯಾರೂ ರದ್ದು ಮಾಡಲ್ಲ. ನೀನೂ ಗ್ರೀಕ್ ಬಿಟ್ಬಿಡು, ಯಾರು ಬೇಡ ಅಂತಾರೆ?"

ಜೋಲೀನಳಿಗೆ ಮೈಯೆಲ್ಲ ಉರಿದುಹೋಯಿತು. ಉರಿ ಆರಿದ ಮೇಲೆ ನೋಡಿದರೆ ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಗ್ರೀಕ್ ಅಕ್ಷರಗಳೆಲ್ಲ ತನಗೆ ಗೊತ್ತೆಂಬ ಧೈರ್ಯದಲ್ಲಿ ಅವಳು ಅಲ್ಲಿಗೆ ಹೋಗಿದ್ದಳು. ಗೊತ್ತಿದ್ದವು ನಿಜ, ಆದರೆ ಲೆಕ್ಕದ ಗುರುತುಗಳಾಗಿ ಮಾತ್ರ. ರೋ ಕಂಡರೆ ಸಾಂದ್ರತೆ, ಥೀಟಾ ಕಂಡರೆ ಕೋನ. ಮೊದಲ ದಿನವೇ ಒಂದು ಸಾಲು ಓದುವಷ್ಟರಲ್ಲಿ ಬೆವರಿಹೋಗಿದ್ದಳು. ಇವತ್ತೇ ಹೋಗಿ ಬಿಡುತ್ತೇನೆಂದು ಹೇಳಿಬಿಡುವುದು ಎಂದುಕೊಂಡು ಗ್ರೀಕ್ ಕಲಿಸುವ ಮಿಸ್ ಓಡೆಗಾರ್ಡ್ ಅವರ ಕೋಣೆಯ ಬಾಗಿಲು ತಟ್ಟಿದಳು.

ಎಪ್ಪತ್ತು ದಾಟಿದ ಮಿಸ್ ಓಡೆಗಾರ್ಡ್ ಫೋನು ಕಿವಿಗಿಟ್ಟುಕೊಂಡು ಕೂತಿದ್ದರು. ಇವಳನ್ನು ಕಂಡವರೇ ಅದನ್ನು ಕೆಳಗಿಟ್ಟರು. "ಬಾ ಬಾ, ಕೂತ್ಕೊ," ಎಂದು ಮಂಡಿ ಹಿಡಿದುಕೊಂಡು ಎದ್ದು ನಿಂಬೆಹಣ್ಣಿನ ಕೇಕಿನ ಡಬ್ಬಿ ಮುಂದಿಟ್ಟರು. "ಏನೋ ಹೇಳೋಕೆ ಬಂದ ಹಾಗಿದೆ?"

"ಏನಿಲ್ಲ ಮೇಡಂ," ಎಂದಳು ಜೋಲೀನ್. "ಕ್ಲಾಸು... ತುಂಬಾ ಚೆನ್ನಾಗಿದೆ ಅಂತ ಹೇಳೋಣ ಅಂತ."

ಹೊರಗೆ ಬಂದ ಮೇಲೆ ಕೆನ್ನೆಗೆ ತಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು. ನಾಲಿಗೆ ತನ್ನದೇ, ಮಾತು ಯಾರದ್ದೋ!

ಅಲ್ಲಿಂದ ಮುಂದೆ ಅವಳ ಬಾಳು ಎರಡು ಕಟ್ಟಡಗಳಲ್ಲಿ ಎರಡು ಥರ ನಡೆಯಿತು. ನೆಲಮಾಳಿಗೆಯಲ್ಲಿ ತಾಮ್ರದ ತಂತಿ ಸುತ್ತಿ, ಅಯಸ್ಕಾಂತ ಆಡಿಸಿ, ಆರ್ವಿಡ್ ಕೇಳುವ ಮೊದಲೇ ಉತ್ತರ ಹೇಳುವ ಜಾಣೆ. ಮಹಡಿಯ ಮೇಲೆ ಗ್ರೀಕ್ ಕ್ರಿಯಾಪದಗಳ ಮುಂದೆ ಬೆಪ್ಪುತಕ್ಕಡಿ. ಪರೀಕ್ಷೆಯ ಮೇಲೆ ಪರೀಕ್ಷೆ ಕೈಕೊಟ್ಟಿತು. ಮಾರ್ಚಿನಲ್ಲಿ ತರಗತಿ ಬಿಡಲು ಕೊನೆಯ ದಿನ ಬಂದಾಗ ಆರ್ವಿಡ್ ಅವಳನ್ನು ಕರೆದು ಕೂರಿಸಿದ.

"ನಿನ್ನ ಸರಾಸರಿ ಮುಳುಗ್ತಿದೆ. ಬಿಟ್ಬಿಡು ಆ ಗ್ರೀಕನ್ನ."

"ಮುನ್ನೂರು ಜನರ ಕ್ಲಾಸಾಗಿದ್ರೆ ಬಿಡಬಹುದಿತ್ತು. ಐದು ಕುರ್ಚೀಲಿ ಒಂದು ಖಾಲಿ ಆದ್ರೆ ಅವರ ಕಣ್ಣಿಗೆ ಚುಚ್ಚಲ್ವಾ?"

"ಥ್ಯಾಡ್ ಬಿಟ್ಟಾಗ ನನಗೇನೂ ಚುಚ್ಚಲಿಲ್ಲವಲ್ಲ."

"ನೀವು ಬೇರೆ ಊರಿನವರು," ಎಂದಳು ಜೋಲೀನ್. ಆರ್ವಿಡ್ ಹಣೆ ಚಚ್ಚಿಕೊಂಡ.

ಮೇ ತಿಂಗಳಲ್ಲಿ ವಿದ್ಯುತ್ಕಾಂತತೆಗೆ ಎ ಬಂತು. ಗ್ರೀಕಿಗೆ ಡಿ. ಒಟ್ಟು ಸರಾಸರಿ ಕೂದಲೆಳೆಯಷ್ಟು ಕೆಳಗಿಳಿಯಿತು. ಎಂಜಿನಿಯರಿಂಗ್ ಶಾಲೆಯವರು ನಗರದವರು, ಅವರಿಗೆ ಕಾಫಿ ಕೊಟ್ಟು ಮಾತಾಡುವ ಅಭ್ಯಾಸವಿಲ್ಲ. ಆಗುವುದಿಲ್ಲ ಎಂದರು, ಮುಗಿಯಿತು. ಒಪ್ಪಂದದಲ್ಲಿ ಎರಡನೆಯ ಅವಕಾಶವೂ ಇರಲಿಲ್ಲ. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು "ಹವಾ ಹೇಗಿದೆ ಅಲ್ಲಿ?" ಎಂದು ಕೇಳಿದರು. ಜೋಲೀನ್ ಚೆನ್ನಾಗಿದೆ ಎಂದಳು.

ಆ ವಾರವೇ ಮಿಸ್ ಓಡೆಗಾರ್ಡ್ ಅವಳೊಬ್ಬಳನ್ನೇ ಮನೆಗೆ ಊಟಕ್ಕೆ ಕರೆದರು. ಕೋಳಿ, ಆಲೂಗಡ್ಡೆ ಎಲ್ಲ ಬಡಿಸಿ ಎದುರಿಗೆ ಕೂತರು.

"ಡಿ ಹಾಕೋಕೆ ಮನಸ್ಸೇ ಬರ್ಲಿಲ್ಲ ಕಣಮ್ಮ. ಆದ್ರೆ ಸುಳ್ಳು ದರ್ಜೆ ಕೊಡೋಕೆ ನನ್ನಿಂದ ಆಗಲ್ಲ. ನೀನು ಮಾತ್ರ ಕೊನೇವರೆಗೂ ಬಿಡ್ಲಿಲ್ಲ ನೋಡು. ಅದಕ್ಕೇ ನಾನೂ ಬಿಡ್ಲಿಲ್ಲ."

"ಅಂದ್ರೆ?"

"ಜನವರೀಲಿ ನನ್ನ ಕೋಣೆಗೆ ಬಂದಿದ್ಯಲ್ಲ, ಆಗ ಡೀನ್‌ಗೇ ಫೋನ್ ಮಾಡ್ತಿದ್ದೆ. ಈ ಮಂಡಿ ಇಟ್ಕೊಂಡು ಹಿಮದಲ್ಲಿ ಓಡಾಡೋಕಾಗಲ್ಲ, ನಿವೃತ್ತಿ ತಗೋತೀನಿ ಅಂತ. ಬಿಸಿಲೂರು ಅರಿಜೋನಾದಲ್ಲಿ ತಂಗಿ ಕೋಣೆ ರೆಡಿ ಮಾಡಿ ಕಾಯ್ತಿದ್ಲು. ನಿಮ್ಮನ್ನೆಲ್ಲ ಪಕ್ಕದೂರಿನ ಕಾಲೇಜಿನ ಕ್ಲಾಸಿಗೆ ಕಳಿಸೋ ಏರ್ಪಾಡೂ ಆಗಿತ್ತು. ಅಷ್ಟರಲ್ಲಿ ನೀನು ಬಂದು ತುಂಬಾ ಚೆನ್ನಾಗಿದೆ ಅಂದ್ಬಿಟ್ಟೆ. ಹೇಗೆ ಬಿಟ್ಟುಹೋಗ್ಲಿ ಹೇಳು?"

ಜೋಲೀನಳ ಕೈಯಲ್ಲಿದ್ದ ಫೋರ್ಕು ತಟ್ಟೆಗೆ ಬಿತ್ತು.

"ಅವತ್ತು ನಾನು ಗ್ರೀಕ್ ಬಿಡ್ತೀನಿ ಅಂತ ಹೇಳೋಕೇ ಬಂದಿದ್ದೆ ಮೇಡಂ."

ಮಿಸ್ ಓಡೆಗಾರ್ಡ್ ಅವಳನ್ನೇ ನೋಡಿದರು. "ಅಯ್ಯೋ ದೇವರೇ! ಬಾಯಿ ಬಿಟ್ಟು ಹೇಳಬಾರದಾಗಿತ್ತಾ?"

"ನೀವು ಹೇಳಬಾರದಾಗಿತ್ತಾ?"

ಇಬ್ಬರಿಗೂ ಒಟ್ಟಿಗೇ ನಗು ಬಂತು. ಮುದುಕಿ ಕಣ್ಣೊರೆಸಿಕೊಳ್ಳುತ್ತ ನಕ್ಕರು, ಜೋಲೀನ್ ಮೇಜು ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಅವಳಿಗೆ ಅಳು ನುಗ್ಗಿತು.

"ನಂಗೆ ಎಂಜಿನಿಯರ್ ಆಗ್ಬೇಕಿತ್ತು ಮೇಡಂ," ಎಂದಳು. "ಅದೊಂದೇ ಬೇಕಾಗಿದ್ದಿದ್ದು ನಂಗೆ."

ಮಿಸ್ ಓಡೆಗಾರ್ಡ್ ಕುರ್ಚಿ ಎಳೆದುಕೊಂಡು ಬಂದು ಅವಳ ಕೈ ಹಿಡಿದು ಕೂತರು. ಆಡಲು ಅವರಿಗೆ ಒಂದೇ ಒಂದು ಒಳ್ಳೆಯ ಮಾತೂ ಸಿಗಲಿಲ್ಲ.