ಟೇಪಿನ ತುದಿ

ಅಜ್ಜಿಯ ಹೊಲಿಗೆಯ ಬಗ್ಗೆ ಆ ಬೀದಿಯಲ್ಲಿ ಎರಡು ಮಾತಿರಲಿಲ್ಲ. ಶಾಲೆ ಮಕ್ಕಳ ಬಟ್ಟೆಯೆಲ್ಲ ಅವಳ ಮಷಿನ್ನಿನ ಸೂಜಿಯಡಿ ಹಾದೇ ಹೋಗಬೇಕು. ಬೆಳೆಯುವ ಮಕ್ಕಳಲ್ಲವೇ, ಪ್ರತಿ ಲಂಗದ ಅಂಚಿನಲ್ಲೂ ನಾಲ್ಕು ಬೆರಳು ಬಟ್ಟೆ ಒಳಗೆ ಮಡಿಸಿ ಬಿಡುತ್ತಿದ್ದಳು. ಬರುವ ವರ್ಷ ಬಿಚ್ಚಿ ಇಳಿಸಿದರಾಯಿತು. ತನ್ನ ಮೊಮ್ಮಗಳ ಲಂಗಕ್ಕೆ ಮಾತ್ರ ಎಂದೂ ಮಡಿಕೆ ಬಿಟ್ಟವಳಲ್ಲ. ಕೇಳಿದವರಿಗೆ, "ಮನೆ ಹುಡುಗಿ ತಾನೇ, ಬೇಕಾದಾಗ ಹೊಸದು ಹೊಲಿದ್ರಾಯ್ತು" ಎನ್ನುತ್ತಿದ್ದಳು. ಅದು ಬರೀ ಬಾಯಿಮಾತು. ಈ ಹುಡುಗಿಯ ವಿಷಯದಲ್ಲಿ ಬರುವ ವರ್ಷವನ್ನು ನೆನೆಯಲೂ ಅವಳಿಗೆ ಹೆದರಿಕೆ.

ಹುಡುಗಿಗೆ ಹುಟ್ಟುವಾಗಲೇ ಎಚ್‌ಐವಿ ಬಂದಿತ್ತು. ಎರಡು ತುಂಬುವಷ್ಟರಲ್ಲಿ ತಾಯಿ ಹೋದಳು. ಚೋಟುದ್ದದ ಆ ಮಗುವನ್ನು ಅಜ್ಜಿ ಚೋಟಿ ಎಂದಳು, ಅದೇ ಹೆಸರು ನಿಂತುಬಿಟ್ಟಿತು. ನಾಲ್ಕನೇ ವಯಸ್ಸಿನಲ್ಲಿ ಡಾಕ್ಟರೊಬ್ಬರು ಮುಖ ನೋಡದೆ, "ಹತ್ತು ದಾಟಿದರೆ ಹೆಚ್ಚು" ಎಂದಿದ್ದರು. ಮಾತ್ರೆ ಕಹಿಯೆಂದು ಮಗು ಹಲ್ಲು ಕಚ್ಚಿ ಕೂರುತ್ತಿತ್ತು. ಅಂಥ ಒಂದು ಬೆಳಗ್ಗೆ ಅಜ್ಜಿ ಕೊರಳಲ್ಲಿದ್ದ ಅಳತೆ ಟೇಪು ತೋರಿಸಿ ಪುಸಲಾಯಿಸಿದಳು: "ಈ ಟೇಪಿನಷ್ಟು ಉದ್ದ ಬೆಳೆ ಕಂದಾ, ಆವತ್ತೇ ಮಾತ್ರೆ ನಿಲ್ಲಿಸಿಬಿಡೋಣ."

ಚೋಟಿ ನಂಬಿದಳು, ಮಾತ್ರೆ ನುಂಗಿದಳು. ನುಂಗಿ ನುಂಗಿ ಹತ್ತು ದಾಟಿದಳು, ಹದಿಮೂರೂ ತುಂಬಿತು. ಪ್ರತಿ ಹುಟ್ಟುಹಬ್ಬಕ್ಕೆ ಬಾಗಿಲ ಪಕ್ಕ ನಿಲ್ಲಿಸಿ ಅಳೆಯುವುದು ರೂಢಿ. ಈ ಸಲ ನೆತ್ತಿ ಟೇಪಿನ ಕೊನೆಯ ಅರವತ್ತನೇ ಇಂಚನ್ನು ಮುಟ್ಟುತ್ತಿತ್ತು. ಟೇಪಿನ ತುದಿಯನ್ನು ನೆಲಕ್ಕೆ ತಾಗಿಸದೆ ಮೂರು ಬೆರಳು ಎತ್ತಿ ಹಿಡಿದು, "ಐವತ್ತೆಂಟು. ಇನ್ನೂ ಎರಡಿಂಚು ಬಾಕಿ ಕಣೇ" ಎಂದುಬಿಟ್ಟಳು.

ಎರಡು ತಿಂಗಳಾದ ಮೇಲೆ ಆಸ್ಪತ್ರೆಯ ನರ್ಸಮ್ಮ ಚೋಟಿಯನ್ನು ಹೊರಗೆ ಕೂರಿಸಿ, ಖಾಲಿ ಸೀಸೆಯನ್ನೂ ರಕ್ತದ ವರದಿಯನ್ನೂ ಮುಂದಿಟ್ಟುಕೊಂಡು ಹುಬ್ಬು ಗಂಟಿಕ್ಕಿದಳು.

"ಸೀಸೆ ಖಾಲಿ ಆಗಿದೆ, ರಕ್ತದಲ್ಲಿ ವೈರಸ್ಸೂ ಏರಿದೆ. ಮಾತ್ರೆ ಹೊಟ್ಟೆಗೆ ಹೋಗ್ತಿದೆಯಾ ಅಜ್ಜಿ? ಹೀಗೆ ಬಿಟ್ರೆ ಔಷಧಿ ಹತ್ತೋದೇ ನಿಂತುಹೋಗುತ್ತೆ. ಆಮೇಲೆ ಅವಳನ್ನ ಉಳಿಸೋದು ಕಷ್ಟ. ಕಾಯಿಲೆ ಏನು ಅಂತ ಅವಳಿಗೆ ಹೇಳಿ ಅಂತ ಎರಡು ವರ್ಷದಿಂದ ಬಡ್ಕೋತಿದ್ದೀನಿ, ಹೇಳಿದ್ರಾ?"

"ಹೇಳ್ತೀನಿ ತಾಯಿ" ಎಂದಳು ಅಜ್ಜಿ, ಎಂದಿನಂತೆ. ದಾರಿಯುದ್ದಕ್ಕೂ ಒಳಗೊಳಗೇ ಕುದಿದಳು. ದಿನಾ ಬೆಳಗ್ಗೆ ನನ್ನ ಕೈಯಾರೆ ನಾಲಗೆ ಮೇಲಿಡ್ತೀನಿ, ಹೊಟ್ಟೆಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತೆ?

ಎಲ್ಲಿಗೆಂದು ಮರುದಿನ ಗೊತ್ತಾಯಿತು. ಯಾರದೋ ಅಂಗಿಗೆ ಗುಂಡಿ ಹಚ್ಚಲು ಡಬ್ಬಿಗೆ ಕೈಹಾಕಿದಳು. ಸೂಜಿ ತೂತಿಗಾಗಿ ತಡಕಿತು, ತೂತೇ ಇಲ್ಲ. ಒತ್ತಿದರೆ ಗುಂಡಿ ಪುಡಿಯಾಯಿತು. ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು. ಬಿಳಿ ಗುಂಡಿಗಳ ನಡುವೆ ಹಿಡಿಯಷ್ಟು ಮಾತ್ರೆ.

ಚೋಟಿ ಶಾಲೆಯಿಂದ ಬಂದು ಚೀಲ ಇಳಿಸುವ ಮೊದಲೇ ಅಜ್ಜಿ ಹರಿಹಾಯ್ದಳು. "ಏನೇ ಇದು? ನನ್ನ ಕಣ್ಣಿಗೇ ಮಣ್ಣೆರಚಿದೆಯಾ?"

ಹುಡುಗಿ ಹೆದರಲಿಲ್ಲ. ಅಜ್ಜಿಯ ಕೊರಳಿನಿಂದ ಟೇಪು ಎಳೆದುಕೊಂಡು ಒಂದು ತುದಿಯನ್ನು ಹಿಮ್ಮಡಿಯಲ್ಲಿ ಮೆಟ್ಟಿ ನೆಟ್ಟಗೆ ನಿಂತಳು. ಇನ್ನೊಂದು ತುದಿ ಅವಳ ನೆತ್ತಿಯನ್ನು ಮುಟ್ಟಲಿಲ್ಲ, ಟೇಪೇ ಮುಗಿದಿತ್ತು.

"ಟೇಪಿನಷ್ಟು ಬೆಳೆದ್ರೆ ಮಾತ್ರೆ ಸಾಕು ಅಂತ ನೀನೇ ಹೇಳಿದ್ದು. ಹುಟ್ಟುಹಬ್ಬದ ದಿನ ತುದಿ ಎತ್ತಿ ಹಿಡಿದಿದ್ದು ನಂಗೆ ಕಾಣ್ಲಿಲ್ವಾ? ಮೋಸ ಮಾಡಿದ್ದು ನೀನು."

ಅಜ್ಜಿ ಕುರ್ಚಿಯ ಮೇಲೆ ಕುಸಿದು, ಹನ್ನೊಂದು ವರ್ಷ ನುಂಗಿಕೊಂಡಿದ್ದನ್ನೆಲ್ಲ ಹೇಳಿದಳು.

"ನಿನ್ನ ರಕ್ತದಲ್ಲಿ ಎಚ್‌ಐವಿ ಇದೆ ಕಂದಾ. ನಿಮ್ಮಮ್ಮನಿಂದ ಬಂದಿದ್ದು. ನಿನ್ನದೂ ತಪ್ಪಲ್ಲ, ಅವಳದೂ ತಪ್ಪಲ್ಲ. ಅವಳಿಗೆ ಮಾತ್ರೆ ಸಿಕ್ಕಿದ್ದು ತಡವಾಯ್ತು, ನಿಂಗೆ ಹೊತ್ತಿಗೆ ಸರಿಯಾಗಿ ಸಿಕ್ತು. ಜೀವ ಇರೋವರೆಗೂ ತಗೋಬೇಕು. ತಗೊಂಡ್ರೆ ನನ್ನ ಹಾಗೆ ಮುದುಕಿ ಆಗ್ತೀಯ. ಬಿಟ್ರೆ..."

ಚೋಟಿ ಗುಂಡಿಗಳ ನಡುವಿನಿಂದ ಒಂದು ಮಾತ್ರೆ ಹೆಕ್ಕಿ ತೆಗೆದಳು. "ಮತ್ತೆ ಟೇಪಿನಷ್ಟು ಅಂತ ಯಾಕೆ ಹೇಳಿದೆ?"

"ನೀನು ಅಷ್ಟುದ್ದ ಬೆಳೀತೀಯ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ" ಎಂದಳು ಅಜ್ಜಿ. ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತಳು. ಆ ಸಂಜೆ ಹುಡುಗಿ ಊಟವನ್ನು ಅರ್ಧಕ್ಕೇ ಬಿಟ್ಟಳು.

ಬೆಳಗ್ಗೆ ಎಂಟಕ್ಕೆ ಅಜ್ಜಿ ಸೀಸೆ ಹಿಡಿದು ಅವಳ ಮುಂದೆ ನಿಂತಳು. ಚೋಟಿ ತಾನೇ ಮುಚ್ಚಳ ತೆಗೆದು, ಒಂದು ಮಾತ್ರೆ ನುಂಗಿ, ಲೋಟದ ನೀರೆಲ್ಲ ಕುಡಿದಳು. ಕೇಳದಿದ್ದರೂ ನಾಲಗೆ ಎತ್ತಿ ತೋರಿಸಿದಳು.

ಚೀಲ ಹೆಗಲಿಗೇರಿಸಿ ಹೊರಟವಳು ಮೇಜಿನ ಬಳಿ ನಿಂತಳು. ಅಲ್ಲಿ ನೀಲಿ ಬಟ್ಟೆ ಹರಡಿತ್ತು, ಕತ್ತರಿಸುವ ಗೆರೆ ಎಳೆದಾಗಿತ್ತು.

"ಇದು ನನ್ನ ಲಂಗ ತಾನೇ?"

"ಹೂಂ."

"ಮಡಿಕೆ ಎಲ್ಲಿ? ಬೀದಿ ಮಕ್ಕಳಿಗೆಲ್ಲ ಬಿಡ್ತೀಯ. ನಂಗೂ ನಾಲ್ಕು ಬೆರಳು ಬಿಡಜ್ಜಿ, ಬರೋ ವರ್ಷಕ್ಕೆ ಬೇಕಾಗುತ್ತೆ."

ಅಜ್ಜಿ ಸೀಮೆಸುಣ್ಣದ ಗೆರೆಯನ್ನು ಅಂಗೈಯಿಂದ ಒರೆಸಿದಳು. ಆರು ಬೆರಳು ಬಿಟ್ಟು ಬೇರೆ ಗೆರೆ ಎಳೆದಳು.